ಹಿಟ್ಟಿನ ಕೋಳಿಯೂ ಹಸಿರು ರಕ್ತವೂ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಶ್ರಾವಕರ ಮನೆಗಳಿಗೆ ಹೊಸತಲ್ಲ. ಮಾರಿದೇವತೆಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯೊಂದರಲ್ಲಿ ಇಬ್ಬರಿಗೂ ರಾಜಿಯಾಗುತ್ತದೆ. ಕತ್ತಿ ಬಿದ್ದ ಕ್ಷಣದಲ್ಲಿ ಆ ಹಿಟ್ಟು ಕೂಗುತ್ತದೆ. ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಬಲಿಗೆಂದು ಮಾಡಿದ್ದು ಬರಿಯ ಹಿಟ್ಟು. ನಿಜವಾಗಿದ್ದದ್ದು ಕೊಲ್ಲುವ ಸಂಕಲ್ಪ.

ಇಂದಿನ ಮಕ್ಕಳ ಕೈಯಲ್ಲಿರುವ ಮೊಬೈಲ್ ಆಟಗಳಲ್ಲಿ ಒಂದು ಈ ಕಥೆಯನ್ನು ವಿಚಿತ್ರವಾಗಿ ನೆನಪಿಸುತ್ತದೆ. ‘ಪಬ್‌ಜಿ ಮೊಬೈಲ್’ ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ನಿರ್ಬಂಧಿಸಿತು. (ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಹಿಂಸೆಯಲ್ಲ.) 2021ರ ಜುಲೈಯಲ್ಲಿ ಅದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿದಾಗ ರಕ್ತದ ಬಣ್ಣ ಹಸಿರಾಗಿತ್ತು, ‘ಕಿಲ್’ ಎಂಬ ಮಾತಿನ ಜಾಗಕ್ಕೆ ‘ಫಿನಿಶ್’ ಬಂದಿತ್ತು, 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯೂ ಇತ್ತು. ಸಾಮಾಯಿಕಕ್ಕೆ 48 ನಿಮಿಷ ಕೂರಲಾರದ ಬಾಲಕನಿಗೆ ಮೂರು ಗಂಟೆ ಎಂಬುದು ಮಿತಿಯೆನಿಸುವುದೇ ಒಂದು ಸೋಜಿಗ. ಅದಿರಲಿ. ಬಣ್ಣ ಬದಲಿಸಿದವರು ಮಾಡಿದ್ದು ಚಂದ್ರಮತಿಯ ರಾಜಿಯನ್ನೇ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಪರದೆಯ ಮೇಲೆ ಬೀಳುವುದು ಚಿತ್ರ, ಅಲ್ಲಿ ಪ್ರಾಣವಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೂ ಪ್ರಾಣಘಾತವನ್ನೂ ಕೂಡಿಸಿಯೇ ಹೇಳಿದ್ದಾರೆ. ಆಡುವ ಹುಡುಗನು ನೆರೆಮನೆಯವನ ಸಾವನ್ನು ಬಯಸುವವನೂ ಅಲ್ಲ. ಆದುದರಿಂದ ಅವನನ್ನು ಕೊಲೆಗಡುಕನೆಂದು ಗದರಿಸುವ ತಂದೆಯ ಮಾತಿನಲ್ಲಿ ನ್ಯಾಯವಿಲ್ಲ. ಆದರೆ ‘ಪುರುಷಾರ್ಥಸಿದ್ಧ್ಯುಪಾಯ’ದ ಅಮೃತಚಂದ್ರ ಆಚಾರ್ಯರ ದೃಷ್ಟಿಯಲ್ಲಿ ರಾಗಾದಿ ಭಾವಗಳು ಹುಟ್ಟುವುದೇ ಹಿಂಸೆ. ಹಾಗಾದರೆ ವಿಮರ್ಶಿಸಬೇಕಾದದ್ದು ರಕ್ತದ ಬಣ್ಣವನ್ನಲ್ಲ, ಆಟದ ರಚನೆ ಯಾವ ಭಾವವನ್ನು ಬೆಳೆಸುತ್ತದೆ ಎಂಬುದನ್ನು.

ಆ ರಚನೆ ಹೀಗಿದೆ. ನೂರು ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯ ಕಿರಿದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿದವನಿಗೋ ಉಳಿದ ತಂಡಕ್ಕೋ ಗೆಲುವು. ಬಿದ್ದವನ ಪೆಟ್ಟಿಗೆಯಿಂದ ಅವನ ಸರಕನ್ನು ಬಾಚಿಕೊಳ್ಳುವುದು ಇಲ್ಲಿ ಜಾಣತನ. ಒಬ್ಬನು ಉಳಿಯಬೇಕಾದರೆ ಉಳಿದವರು ಅಳಿಯಬೇಕು ಎಂಬುದೇ ಆಟದ ಸೂತ್ರ. ರಾಜಸ್ಥಾನ ಗುಜರಾತುಗಳ ಜೈನರಲ್ಲಿ ಬಟ್ಟೆಯ ಮೇಲೆ ಬರೆದ ‘ಜ್ಞಾನ ಚೌಪಡ್’ ಎಂಬ ಆಟವೊಂದಿತ್ತು. 84 ಮನೆಗಳ ಹಾಸುಗಳು ಸಂಗ್ರಹಾಲಯಗಳಲ್ಲಿ ಉಳಿದಿವೆ. ಅಲ್ಲಿಯೂ ಏಣಿಯುಂಟು, ಹಾವುಂಟು. ಆದರೆ ಇಳಿಸುವುದು ತನ್ನದೇ ದುಷ್ಕರ್ಮ, ಎದುರಾಳಿಯ ಗುಂಡಲ್ಲ. ಮೇಲಿರುವ ಸಿದ್ಧಲೋಕದ ಮನೆಯನ್ನು ಒಬ್ಬನು ಸೇರಿದನೆಂದು ಇನ್ನೊಬ್ಬನಿಗೆ ಬಾಗಿಲು ಮುಚ್ಚುವುದಿಲ್ಲ. ಆಟವೇ ಅಧರ್ಮವೆಂದು ಹೇಳುವ ಹಿರಿಯರು ಈ ಹಾಸನ್ನೊಮ್ಮೆ ನೋಡಬೇಕು.

ಇನ್ನು ಶಿಕ್ಷಣದ ಹೆಸರಿನಲ್ಲಿ ಬರುವ ಆಟಗಳು. ಅವುಗಳ ಮೇಲೆ ‘ಶೈಕ್ಷಣಿಕ’ ಎಂಬ ಮುದ್ರೆ ಕಂಡೊಡನೆ ಪೋಷಕರು ನಿಶ್ಚಿಂತರಾಗುತ್ತಾರೆ. ‘ಮೈನ್‌ಕ್ರಾಫ್ಟ್’ ಆಟಕ್ಕೆ 2016ರಲ್ಲಿ ಶಾಲೆಗಳಿಗೆಂದೇ ಒಂದು ಆವೃತ್ತಿ ಬಂದಿತು. ಘನಗಳನ್ನು ಜೋಡಿಸಿ ಬಸದಿಯನ್ನೂ ಮಾನಸ್ತಂಭವನ್ನೂ ಕಟ್ಟಬಹುದಾದ ಆಟವಿದು. ಮಗುವಿನ ಕಲ್ಪನೆಗೂ ಅಳತೆಯ ಜ್ಞಾನಕ್ಕೂ ಇಲ್ಲಿ ನಿಜವಾದ ಕೆಲಸವಿದೆ. ಆದರೂ ಅದರ ‘ಸರ್ವೈವಲ್’ ವಿಧಾನದಲ್ಲಿ ಹಸಿವೆಯುಂಟು, ಕೋಳಿಯನ್ನು ಹೊಡೆದರೆ ಮಾಂಸ ಸಿಗುತ್ತದೆ. ಹಿಟ್ಟಿನ ಕೋಳಿ ಈ ಬಾರಿ ಚೌಕದ ಕೋಳಿಯಾಗಿ ಬಂದಿದೆ. ಯಾರ ಕಣ್ಣಿಗೂ ಬೀಳದ್ದು ಇದು; ಹಸಿರು ರಕ್ತವೂ ಇಲ್ಲಿಲ್ಲವಲ್ಲ!

ಎರಡು ಆಟಗಳಿಗೂ ಇರುವ ಅಂತರವೂ ಇಲ್ಲಿಯೇ ಇದೆ. ದ್ವೀಪದ ಆಟದಲ್ಲಿ ಅಹಿಂಸೆಯಿಂದ ನಡೆಯಲು ನಿಶ್ಚಯಿಸಿದವನು ಅಡಗಿ ಕೂರಬೇಕು, ಇಲ್ಲವೆ ಸೋಲಬೇಕು. ಇಲ್ಲಿ ಹಾಗಲ್ಲ. ಬೀಜ ಬಿತ್ತಿ, ಗೋಧಿ ಬೆಳೆದು, ಮೂರು ಗೋಧಿಯಿಂದ ಒಂದು ರೊಟ್ಟಿ ಮಾಡಿಕೊಂಡು ಆಟವನ್ನು ಮುಂದುವರಿಸಬಹುದು. ಬಸದಿಗಳ ಆಡಳಿತ ಮಂಡಳಿಗಳು ನಡೆಸುವ ಪಾಠಶಾಲೆಗಳಲ್ಲಿ ಯಶೋಧರನ ಕಥೆಯನ್ನು ಹೇಳಿದ ದಿನ, ಮೊಬೈಲನ್ನು ಕಸಿದುಕೊಳ್ಳುವ ಮುನ್ನ, ಆ ಆಟದಲ್ಲಿ ಹಸಿವಾದಾಗ ಏನು ಮಾಡುತ್ತೀರಿ ಎಂದು ಮಕ್ಕಳನ್ನು ಕೇಳಬಹುದು. ಗೋಧಿ ಬೆಳೆಯಲು ಹೆಚ್ಚು ಹೊತ್ತು ಬೇಕು, ಕೋಳಿ ಎದುರಿಗೇ ಇರುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ.