ಮೂರು ಕೋಟಿ ಪದಗಳ ಲೆಕ್ಕ

ಮಗುವಿನ ಮಾತು ಬೆಳೆಯಲು ಅದರ ಕಿವಿಗೆ ಹೆಚ್ಚು ಹೆಚ್ಚು ಪದ ಬೀಳಬೇಕೆಂದು ತಂದೆತಾಯಿಯರಿಗೆ ಹೇಳುವುದು ವಾಡಿಕೆ. ಈ ಸಲಹೆಗೆ ಬಲ ತಂದದ್ದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 1995ರಲ್ಲಿ ಪ್ರಕಟಿಸಿದ ಗ್ರಂಥ. ಅಮೆರಿಕದ ಕ್ಯಾನ್ಸಾಸ್ ಸಿಟಿಯ 42 ಮನೆಗಳಲ್ಲಿ ತಿಂಗಳಿಗೊಂದು ಗಂಟೆಯಂತೆ ಸುಮಾರು ಎರಡೂವರೆ ವರ್ಷ ಅವರು ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡರು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಬಡ ಮನೆಯ ಮಗು ವೃತ್ತಿಪರರ ಮಗುವಿಗಿಂತ ಮೂರು ಕೋಟಿ ಪದ ಕಡಿಮೆ ಕೇಳಿರುತ್ತದೆಂದು ಅಂದಾಜಿಸಿದರು.

ಇಷ್ಟು ತಾಳ್ಮೆಯ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅವುಗಳಲ್ಲಿ ಸರ್ಕಾರದ ನೆರವಿನಿಂದ ಬದುಕುತ್ತಿದ್ದ ಕುಟುಂಬಗಳು ಆರೇ ಆರು! ಮೂರು ಕೋಟಿಯೂ ಎಣಿಸಿದ್ದಲ್ಲ. ಗಂಟೆಯ ಲೆಕ್ಕವನ್ನು ವರ್ಷಗಳಿಗೆ ಗುಣಿಸಿದ್ದು. ಅಪರಿಚಿತರು ಎದುರಿಗೆ ಕುಳಿತು ಧ್ವನಿಮುದ್ರಿಸುವಾಗ ಯಾವ ತಾಯಿ ಎಂದಿನಂತೆ ಮಾತಾಡಿಯಾಳು?

ಡಗ್ಲಾಸ್ ಸ್ಪೆರಿ ಮತ್ತು ಸಂಗಡಿಗರು 2019ರಲ್ಲಿ ಅಮೆರಿಕದ ಐದು ಸಮುದಾಯಗಳ ದಾಖಲೆಗಳನ್ನು ಪರಿಶೀಲಿಸಿದರು. ಮನೆಯ ಇತರರು ಮಗುವಿಗೆ ಆಡಿದ ಮಾತನ್ನೂ ಸುತ್ತ ಕೇಳಿಬಂದ ಮಾತನ್ನೂ ಸೇರಿಸಿದಾಗ ಅಂಥ ಅಂತರ ಅವರಿಗೆ ಕಾಣಲಿಲ್ಲ. ಸುಮ್ಮನೆ ಕಿವಿಗೆ ಬಿದ್ದ ಮಾತು ಎಳೆಯ ಮಗುವಿಗೆ ಅಷ್ಟಾಗಿ ನೆರವಾಗದೆಂದು ಕೆಲವರು ಆಕ್ಷೇಪಿಸಿದರು. ಅದೂ ನ್ಯಾಯವೇ.

ರೇಚಲ್ ರೋಮಿಯೊ ತಂಡ 2018ರಲ್ಲಿ 4ರಿಂದ 6 ವರ್ಷದ 36 ಮಕ್ಕಳನ್ನು ಪರೀಕ್ಷಿಸಿತ್ತು. ಕತೆ ಕೇಳುವಾಗಿನ ಬ್ರೋಕಾ ಪ್ರದೇಶದ ಚಟುವಟಿಕೆಗೆ ನಂಟು ಕಂಡದ್ದು ಪದಗಳ ಮೊತ್ತದೊಡನೆ ಅಲ್ಲ, ಮಗುವೂ ಹಿರಿಯರೂ ಸರದಿಯಂತೆ ಆಡುವ ಮಾತಿನೊಡನೆ. ಇದೂ ಸಣ್ಣ ಅಧ್ಯಯನವೇ. ಆದರೂ ಪೋಷಕರ ಸಭೆಯಲ್ಲಿ ಶಿಕ್ಷಕರು ಕೋಟಿಯ ಲೆಕ್ಕ ಹೇಳಿ ಬಡ ತಾಯಿಯನ್ನು ಹೆದರಿಸಬೇಕಾಗಿಲ್ಲ. ಮಗು 'ಕಾಕಾ' ಎಂದು ಬೆರಳು ತೋರಿಸಿದಾಗ 'ಹೌದು ಪುಟ್ಟ, ಕಾಗೆ ಹಾರಿಹೋಯ್ತು, ಎಲ್ಲಿಗೆ ಹೋಯ್ತು?' ಎಂದು ಕೇಳಿ ಅದರ ಉತ್ತರಕ್ಕೆ ಕಾಯುವುದು ಕೂಲಿ ಮುಗಿಸಿ ಬಂದವಳಿಗೂ ಆಗುವ ಕೆಲಸ.