ದೋಸೆ ಎಲ್ಲಿ ಹೋಯಿತು?

ಕನ್ನಡದಲ್ಲಿ ಒಂದು ಜಾತಿಯ ಬರಹವಿದೆ. ಜಾತಿ ಎಂಬ ಪದವನ್ನು ತಿಳಿದೇ ಬಳಸುತ್ತಿದ್ದೇನೆ. ಭಾನುವಾರದ ಪುರವಣಿಗಳಲ್ಲಿ, ಹಿರಿಯರ ಆತ್ಮಕಥೆಗಳಲ್ಲಿ, ಪ್ರವಾಸ ಕಥನಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಲೇಖಕರು ಬಸ್ಸು ಇಳೀತಾರೆ. ಮಲೆನಾಡಿನ ಮಳೆ ಹಿಡಿದಿರುತ್ತದೆ. ಮೂಲೆಯಲ್ಲೊಂದು ಹೆಂಚಿನ ಹೋಟೆಲು, ಕಾವಲಿ ಮೇಲೆ ಚುಂಯ್ ಅನ್ನುವ ದೋಸೆ, ನೊರೆ ಕಾಫಿ. ಗಲ್ಲಾದಲ್ಲಿ ಕೂತ ಮಾಲೀಕರು 'ಬನ್ನಿ ರಾಯರೇ' ಅಂತಾರೆ. ಆಮೇಲೆ ಎರಡು ಪುಟ ಚಟ್ನಿ. ಕೊನೆಗೆ, ಆ ರುಚಿ ಈಗೆಲ್ಲಿ ಎಂಬ ನಿಟ್ಟುಸಿರು.

ಈ ಬರಹಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ದೋಸೆ ರುಚಿಯಾಗೇ ಇದ್ದಿರಬೇಕು. ನನ್ನ ತಕರಾರು ಬೇರೆ. ಇವುಗಳಲ್ಲಿ ಯಾರೂ ಹೋಟೆಲಿನ ಒಳಕ್ಕೆ ಹೋಗುವುದೇ ಇಲ್ಲ. ಮೊದಲ ಸಾಲಿನಲ್ಲೇ ಒಳಗೆ ಕೂತುಬಿಟ್ಟಿರುತ್ತಾರೆ. ಬಾಗಿಲು, ಹೊಸ್ತಿಲು, ಗಲ್ಲಾದವನು ಮೇಲಿಂದ ಕೆಳಕ್ಕೆ ನೋಡುವ ನೋಟ ಇವು ಯಾವುವೂ ಅಲ್ಲಿ ಬರುವುದಿಲ್ಲ. ಬರೆಯುವವರ ಅನುಭವದಲ್ಲಿ ಬಾಗಿಲು ಇರಲಿಲ್ಲ, ಅದಕ್ಕೇ ಬರಹದಲ್ಲೂ ಇಲ್ಲ.

ನಮಗೆ ಬಾಗಿಲು ಇತ್ತು. ಎಷ್ಟು ಗಟ್ಟಿಯಾಗಿ ಇತ್ತೆಂದರೆ ಸಂವಿಧಾನದಲ್ಲೇ ಅದನ್ನು ಬರೆಯಬೇಕಾಯಿತು. ಹಳ್ಳಿ ಶಾಲೆಯಲ್ಲಿ ಪಾಠ ಮಾಡುವ ಗೆಳೆಯರು 15ನೇ ವಿಧಿಯ ಎರಡನೇ ಭಾಗವನ್ನು ಒಮ್ಮೆ ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲವನ್ನೂ ಹೆಸರಿಟ್ಟು ಕರೆದಿದ್ದಾರೆ. ಒಂದು ದೇಶದ ಮೂಲ ಕಾನೂನಿಗೆ ಹೋಟೆಲ್ ಅನ್ನೋ ಪದ ಯಾಕೆ ಬೇಕಾಯಿತು ಅಂತ ಮಕ್ಕಳು ಕೇಳಿದರೆ ಅದೇ ಅವತ್ತಿನ ಪಾಠ. 1950ರಲ್ಲಿ ಅಷ್ಟು ಬರೆದದ್ದು ಸಾಲದೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಹೋಟೆಲಿನ ತಟ್ಟೆ ಲೋಟ ಮುಟ್ಟದಂತೆ ತಡೆಯುವುದನ್ನೂ ಅಪರಾಧ ಎಂದರು. 1976ರಲ್ಲಿ ಆ ಕಾಯ್ದೆಯನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿದರು. ನನ್ನ ಲೆಕ್ಕದಲ್ಲಿ ನಮ್ಮವರ ಹೋಟೆಲ್ ಸಾಹಿತ್ಯದ ಮೊದಲ ಪುಟಗಳು ಇವೇ.

ಇವತ್ತು ಲೋಕವೆಲ್ಲ ಎಂ.ಟಿ.ಆರ್. ಅಂತ ಕೊಂಡಾಡುವ ಬೆಂಗಳೂರಿನ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಅಲ್ಲಿ ರವೆ ಇಡ್ಲಿ ಹುಟ್ಟಿತೆಂಬ ಕಥೆಯನ್ನು ಎಷ್ಟೋ ಜನ ಬಾಯಲ್ಲಿ ನೀರೂರುವಂತೆ ಬರೆದಿದ್ದಾರೆ. ಹೆಸರಿನ ಕಥೆಯ ರುಚಿ ನೋಡಿದವರು ಕಡಿಮೆ. 1957ರಲ್ಲಿ ಮದ್ರಾಸಿನಲ್ಲಿ ಪೆರಿಯಾರ್ ಕಡೆಯವರು ಒಂದು ಹೋಟೆಲಿನ ಬೋರ್ಡಿನಿಂದ ಬ್ರಾಹ್ಮಣ ಎಂಬ ಪದವನ್ನು ತೆಗೆಸುವುದಕ್ಕೆ ದಿನಗಟ್ಟಲೆ ಚಳವಳಿ ಮಾಡಬೇಕಾಯಿತು. ನಮ್ಮಲ್ಲಿ ಬೋರ್ಡು ತಾನಾಗೇ ಮೆತ್ತಗಾಗಿ 'ಶುದ್ಧ ಸಸ್ಯಾಹಾರಿ' ಅಂತಾಯಿತು. ಸಸ್ಯಾಹಾರಿ ಸರಿ. ಶುದ್ಧ ಯಾಕೆ? ಎದುರುಗಡೆ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ ಬೋಟಿ ತಿನ್ನುತ್ತಿರುವ ಹಮಾಲಿ ಹಾಗಾದರೆ ಏನು ತಿನ್ನುತ್ತಿದ್ದಾನೆ?

ಇಲ್ಲಿಗೆ ನಿಲ್ಲಿಸಿದರೆ ಇದು ನಮ್ಮ ಪತ್ರಿಕೆಗಳಲ್ಲಿ ನೀವು ನೂರು ಸಲ ಓದಿದ ಲೇಖನವಾಗುತ್ತದೆ. ನಾನು ಹೇಳಬೇಕೆಂದು ಹೊರಟದ್ದು ನಮ್ಮ ಅಜ್ಜನ ವಿಷಯ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹೆದ್ದಾರಿಯಿಂದ ಒಳಗಿರುವ ಒಂದು ಹಳ್ಳಿ ನಮ್ಮದು. ಊರ ಹೋಟೆಲಿನಲ್ಲಿ ನಮ್ಮವರಿಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ. ಆಮೇಲೆ ಚಿಪ್ಪು ಹೋಗಿ ಗೋಡೆಯ ಹೊರಗೆ ಮೊಳೆಗೆ ನೇತುಹಾಕಿದ ಲೋಟ ಬಂತು. ಕುಡಿದು, ತೊಳೆದು, ಮತ್ತೆ ಅದೇ ಮೊಳೆಗೆ ಸಿಕ್ಕಿಸಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದು ಸಲ ಅಜ್ಜಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ್ದರು. ಅಜ್ಜ ನಮ್ಮ ಅಪ್ಪನನ್ನು ಕರಕೊಂಡು ನೋಡೋದಕ್ಕೆ ಹೋದ. ಅಪ್ಪನಿಗೆ ಆಗ ಹತ್ತೋ ಹನ್ನೊಂದೋ. ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನ ಮುಂದೆ ಅಜ್ಜ ಬಹಳ ಹೊತ್ತು ನಿಂತನಂತೆ. ಆಮೇಲೆ ಏನನ್ನಿಸಿತೋ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಒಳಗೆ ಹೋಗಿ ಕುರ್ಚಿ ಮೇಲೆ ಕೂತ. ಸಪ್ಲೈಯರು ಬಂದು 'ಏನ್ ಕೊಡ್ಲಿ ಯಜಮಾನ್ರೇ?' ಅಂದ. ಎರಡು ಮಸಾಲೆ ದೋಸೆ. ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡರು. ಕಾಫಿ ಕುಡಿದಾದ ಮೇಲೆ ಅಜ್ಜ ಎರಡೂ ಲೋಟ ಎತ್ತಿಕೊಂಡು ನಲ್ಲಿ ಕಡೆ ಹೊರಟ. ಸಪ್ಲೈಯರು ಓಡಿಬಂದು ಕೈಯಿಂದ ಲೋಟ ಕಿತ್ತುಕೊಂಡ. 'ಬಿಡ್ರೀ ಯಜಮಾನ್ರೇ, ತೊಳಿಯೋಕೆ ಹುಡುಗ್ರಿದಾರೆ.'

ಇದನ್ನು ನಾನು ಪದ್ಯ ಮಾಡಿದೆ. ಚಿಪ್ಪು, ಮೊಳೆ, ಲೋಟ, ತೊಳೆಯಲು ಎದ್ದ ಮುದುಕ. ಕವಿಗೋಷ್ಠಿಯಲ್ಲಿ ಓದಿದೆ, ಚಪ್ಪಾಳೆ ಬಂತು. ಮನೆಗೆ ಬಂದು ಅಪ್ಪನಿಗೂ ಓದಿದೆ. ಅವನು ಬೀಡಿ ಆರಿಸಿ ಕೇಳಿದ: 'ಏನಪ್ಪಾ, ಬರೇ ಚಿಪ್ಪೇ ಬರ್ದೀಯಲ್ಲ, ದ್ವಾಸೆ ಎಲ್ಲೋತು?'

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಆ ದಿನದ ಕಥೆಯನ್ನು ಹೇಳುವಾಗಲೆಲ್ಲ ಶುರು ಮಾಡುವುದು ದೋಸೆಯಿಂದ. ಅದರ ಅಂಚು ಹೇಗೆ ಗರಿಗರಿ ಇತ್ತು, ಪಲ್ಯದಲ್ಲಿ ಈರುಳ್ಳಿ ಹೇಗೆ ಬೆಂದಿತ್ತು, ಅಜ್ಜ ತನ್ನ ದೋಸೆಯಲ್ಲಿ ಅರ್ಧ ಮುರಿದು ಇವನ ತಟ್ಟೆಗೆ ಹೇಗೆ ಹಾಕಿದ. ಲೋಟದ ವಿಷಯ ಕೊನೆಗೆ, ಅದೂ ನಗಾಡಿಕೊಂಡು. ಅವನ ಮಟ್ಟಿಗೆ ಅದು ಬದುಕಿನ ಮರೆಯಲಾಗದ ಊಟ. ನಾನು ಅದರಲ್ಲಿ ಅವಮಾನವನ್ನು ಮಾತ್ರ ಆರಿಸಿಕೊಂಡು ರುಚಿಯನ್ನು ಎಲೆಯ ತುದಿಗೆ ಸರಿಸಿಬಿಟ್ಟೆ. ಯಾಕೆ ಸರಿಸಿದೆ? ನಮ್ಮ ಸಾಹಿತ್ಯ ಅಂದರೆ ಹಸಿವು, ರೊಚ್ಚು, ರಕ್ತ ಅಂತ ಯಾರೋ ಹೇಳಿಕೊಟ್ಟಿದ್ದರು. ರುಚಿ ಅನ್ನೋದು ಅವರ ಇಲಾಖೆ ಅಂತ ನಾವೇ ಬಿಟ್ಟುಕೊಟ್ಟಿದ್ದೆವು.

ಅಪ್ಪನ ಪ್ರಶ್ನೆ ಇಟ್ಟುಕೊಂಡು ಎರಡು ಪುಸ್ತಕಗಳನ್ನು ಮತ್ತೆ ಓದಿದೆ. ಒಂದು ನಮ್ಮ ಜಿಲ್ಲೆಯದೇ, ಅನಂತಮೂರ್ತಿಯವರ 'ಸಂಸ್ಕಾರ' (1965). ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯರು ಮಾಲೇರ ಪುಟ್ಟನ ಜೊತೆ ಮೇಳಿಗೆಯ ಜಾತ್ರೆ ಸುತ್ತುತ್ತಾರೆ, ಕಾಫಿ ಕುಡಿಯುತ್ತಾರೆ, ಸೂತಕದಲ್ಲೇ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಅಲ್ಲಿ ಯಾರೋ ಗುರುತು ಹಿಡಿದಾಗ ಎದ್ದು ಓಡುತ್ತಾರೆ. ನವ್ಯರ ವಿಮರ್ಶೆ ಈ ಭಾಗದ ಮೇಲೆ ರಾಶಿ ರಾಶಿ ಬರೆದಿದೆ. ಅದು ದೊಡ್ಡ ಬರವಣಿಗೆ, ಇಲ್ಲ ಅನ್ನಲ್ಲ. ಆದರೆ ನೋಡಿ, ಆಚಾರ್ಯರೂ ನಮ್ಮಜ್ಜನೂ ಇಬ್ಬರೂ ಗುರುತು ಮರೆಸಿಕೊಂಡು ಪರವೂರಿನಲ್ಲಿ ಉಣ್ಣಲು ಕೂತವರೇ. ಆಚಾರ್ಯರಿಗೆ ಅದು ಅಸ್ತಿತ್ವದ ಬಿಕ್ಕಟ್ಟು, ನಮ್ಮಜ್ಜನಿಗೆ ಅದು ತಿಂಡಿ. ಒಬ್ಬರು ಪಂಕ್ತಿಯಿಂದ ಕೆಳಕ್ಕೆ ಇಳಿಯುವ ಭಯದಲ್ಲಿ ಊಟ ಬಿಡುತ್ತಾರೆ. ಇನ್ನೊಬ್ಬ ಅಷ್ಟೇ ಭಯ ಇಟ್ಟುಕೊಂಡು ಚಟ್ನಿಯನ್ನು ಎರಡನೇ ಸಲ ಕೇಳುತ್ತಾನೆ. ಈ ಎರಡನೆಯವನ ಧೈರ್ಯದ ಮೇಲೆ ಕನ್ನಡ ವಿಮರ್ಶೆ ಒಂದು ಪ್ಯಾರಾವನ್ನೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ದೇವನೂರ ಮಹಾದೇವರ 'ಒಡಲಾಳ'. ಅದರಲ್ಲಿ ಹೋಟೆಲಿಲ್ಲ. ಆದರೆ ಸಾಹುಕಾರನ ಕಡಲೆಕಾಯಿ ಮೂಟೆಯನ್ನು ಸಾಕವ್ವನ ಮನೆಯವರೆಲ್ಲ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವುದಿದೆಯಲ್ಲ, ಕನ್ನಡದಲ್ಲಿ ಅದಕ್ಕಿಂತ ಮರೆಯಲಾಗದ ಊಟವನ್ನು ನಾನು ಓದಿಲ್ಲ. ನಮ್ಮ ಸಭೆಗಳಲ್ಲಿ ಅದನ್ನು ಹಸಿವಿನ ಚಿತ್ರಣ ಅಂತ ಹೇಳಿ ಮುಗಿಸುತ್ತೇವೆ. ತಪ್ಪು. ಅದು ಸಂತೋಷದ ಚಿತ್ರಣ. ಸಿಪ್ಪೆ ಬಿಡಿಸುವ ಸದ್ದು, ಮಕ್ಕಳ ಗಲಾಟೆ, ಹೊಟ್ಟೆ ತುಂಬುತ್ತಾ ಬರುವ ಸುಖ ಎಲ್ಲವೂ ಅಲ್ಲಿವೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ ಎಂಬುದು ಆ ಸುಖವನ್ನು ಸುಳ್ಳು ಮಾಡುವುದಿಲ್ಲ. ಮಹಾದೇವರು ದೋಸೆಯನ್ನು ಬಿಡಲಿಲ್ಲ. ಅವರನ್ನು ಓದಿಕೊಂಡು ಬರೆಯುತ್ತೇವೆ ಅನ್ನುವ ನಾವು ಬಿಟ್ಟೆವು.

ಮತ್ತೆ ಅಜ್ಜನ ಹೋಟೆಲಿಗೆ ಬರುತ್ತೇನೆ. ಆ ದೋಸೆ ಸಾಧ್ಯವಾದದ್ದು ಯಾಕೆ? ಶಿವಮೊಗ್ಗದಲ್ಲಿ ಅಜ್ಜ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ರಾಯರಿಗೆ ಪ್ರವಾಸದ ಊಟ ಅಂದರೆ ಮನೆಯ ನೆನಪು. ನಮ್ಮವರಿಗೆ ಮನೆಯಿಂದ ದೂರ ಹೋದಷ್ಟೂ ರುಚಿ. ಅಮೆರಿಕದ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಊಟದ ಕಟ್ಟೆಯಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು, ಜುಲೈ ಹೊತ್ತಿಗೆ ಆ ಅಂಗಡಿ ಎಲ್ಲರಿಗೂ ಕಾಫಿ ಕೊಡಬೇಕಾಯಿತು. ಅವರಿಗೆ ಗುರುತು ಮರೆಸಿಕೊಳ್ಳುವ ದಾರಿಯೇ ಇರಲಿಲ್ಲ, ಚರ್ಮವೇ ಹೇಳುತ್ತಿತ್ತು. ಹಾಗಾಗಿ ತಮ್ಮ ಊರಿನಲ್ಲೇ, ತಾವು ತಾವಾಗೇ ಕೂರಬೇಕಾಯಿತು. ನಮಗೆ ಬಸ್ಸು ಹತ್ತುವ ಅನುಕೂಲ ಇತ್ತು. ಈ ಅನುಕೂಲವೇ ಒಂದು ಬಲೆ ಅಂತ ಈಚೆಗೆ ಅನ್ನಿಸುತ್ತಿದೆ. ಹೋಟೆಲುಗಳು ಜಾತಿಯನ್ನು ಅಳಿಸಿದವು ಅಂತ ಪ್ರಗತಿಪರರು ಭಾಷಣ ಮಾಡುತ್ತಾರೆ. ಗುರುತು ಗೊತ್ತಿಲ್ಲದವನಿಗೆ ಕಾಫಿ ಕೊಡುವುದು ಬೇರೆ, ಗೊತ್ತಿದ್ದೂ ಕೊಡುವುದು ಬೇರೆ.

ಭದ್ರಾವತಿ ಈ ಎರಡರ ನಡುವಿನ ಊರು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ. ತಮಿಳರು, ತೆಲುಗರು, ಸಾಬರು, ಬಯಲುಸೀಮೆಯವರು, ಎಲ್ಲ ಕಡೆಯಿಂದ ಬಂದವರು ಸೇರಿ ಮಾಡಿದ ಊರು. ಅಲ್ಲಿ ಯಾರೂ ಪರವೂರಿನವರಲ್ಲ, ಯಾಕೆಂದರೆ ಎಲ್ಲರೂ ಪರವೂರಿನವರೇ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಆಗ ಇನ್ನೂರೈವತ್ತಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಕ್ಯಾಂಟೀನು ಇರಬೇಕಿತ್ತು. ಅಪ್ಪ ಕಾಗದ ಕಾರ್ಖಾನೆಯಲ್ಲಿ ಕಂಟ್ರಾಕ್ಟು ಲೋಡಿಂಗ್ ಮಾಡುತ್ತಿದ್ದ. ಅಲ್ಲಿ ಪಕ್ಕದಲ್ಲಿ ಕೂತು ಉಂಡವನಿಗೆ ಅಪ್ಪ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಹೆಸರು, ಊರು, ಕೇರಿ ಎಲ್ಲ. ಗೊತ್ತಿದ್ದೂ ಉಪ್ಪಿನಕಾಯಿ ಹಂಚಿಕೊಂಡ. ಮುಷ್ಕರದಲ್ಲಿ ಒಟ್ಟಿಗೆ ನಿಂತವರು ತಟ್ಟೆಯಲ್ಲಿ ದೂರ ಕೂರುವುದು ಕಷ್ಟ. ಎಲ್ಲರೂ ಬದಲಾದರು ಅಂತಲ್ಲ. ಮನೆಯಿಂದ ಬುತ್ತಿ ತಂದು ಮೂಲೆಯಲ್ಲಿ ಕೂತು ತಿನ್ನುತ್ತಿದ್ದವರೂ ಇದ್ದರಂತೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಇದೇ ಭದ್ರಾವತಿಯಲ್ಲಿ ಕಣ್ಣುಬಿಟ್ಟಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿನ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಇಂಥ ಊರಿನಲ್ಲಿ ಅದು ಹುಟ್ಟಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗೆ ಬಂದರು. ಕಾರ್ಖಾನೆ ನಿಂತರೆ ಸಂಬಳ ಹೋಗುತ್ತದೆ ಅಂತ ಎಲ್ಲರೂ ಬರೆದರು. ಗೊತ್ತಿದ್ದೂ ಜೊತೆಗೆ ಉಣ್ಣುವ ಒಂದು ಜಾಗವೂ ಹೋಯಿತು ಅಂತ ಯಾರೂ ಬರೆಯಲಿಲ್ಲ. ಅಪ್ಪ ಊರಿಗೆ ವಾಪಸ್ಸು ಬಂದ.

ಇನ್ನೊಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಅಜ್ಜನ ಕೈಯಿಂದ ಕಿತ್ತುಕೊಂಡ ಲೋಟವನ್ನು ತೊಳೆದ ಆ 'ಹುಡುಗ್ರು' ಯಾರು? ಘಟ್ಟದ ಕೆಳಗಿನಿಂದ ಓಡಿಬಂದ ಮಕ್ಕಳಿರಬಹುದು, ಮೇಲ್ಜಾತಿಯ ಬಡ ಮಕ್ಕಳೂ ಇರಬಹುದು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಪ್ಪನ ದೋಸೆಯ ಸುಖದ ಹಿಂದೆ ಅಪ್ಪನಷ್ಟೇ ವಯಸ್ಸಿನ ಒಬ್ಬನ ಬಚ್ಚಲಿನ ಕೈ ಇತ್ತು. ರಾಯರ ಬರಹದಲ್ಲಿ ಅವನಿಲ್ಲ ಅಂತ ಬೈಯುವ ಮೊದಲು ನನ್ನ ಪದ್ಯದಲ್ಲೂ ಅವನಿಲ್ಲ ಅಂತ ಒಪ್ಪಿಕೊಳ್ಳಬೇಕು.

ನಮ್ಮೂರ ಹೋಟೆಲು ಈಗಲೂ ಇದೆ. ಮೊಳೆ ಇಲ್ಲ, ನೇತುಹಾಕಿದ ಲೋಟ ಇಲ್ಲ. ಎಲ್ಲರಿಗೂ ಪೇಪರ್ ಕಪ್ಪು. ಕುಡಿದು ಬಿಸಾಡಿದರೆ ಮುಗಿಯಿತು, ಮುಟ್ಟಿದ್ದೂ ಇಲ್ಲ ತೊಳೆದದ್ದೂ ಇಲ್ಲ. ಊರಗೌಡರು ಬಂದರೆ ಮಾತ್ರ ಒಳಗಿನಿಂದ ಸ್ಟೀಲ್ ಲೋಟ ಬರುತ್ತದೆ. ಯಾವ ಕಾಯ್ದೆಯಡಿ ಕೇಸು ಹಾಕುತ್ತೀರಿ? ಕಾಗದದ ಊರಿನ ಅನ್ನ ತಿಂದು ಬೆಳೆದವನು ನಾನು, ಕಾಗದಕ್ಕೆ ಈ ಉಪಯೋಗವೂ ಉಂಟು ಅಂತ ತಿಳಿದಿರಲಿಲ್ಲ.

ಮತ್ತೆ ನಾನು? ಶಿವಮೊಗ್ಗದ ದುರ್ಗಿಗುಡಿಯಲ್ಲಿ ಗೆಳೆಯರ ಜೊತೆ ಗಂಟೆಗಟ್ಟಲೆ ಕೂತು ಬೈಟು ಕಾಫಿ ಕುಡಿಯುತ್ತೇನೆ, ಗಟ್ಟಿಯಾಗಿ ಮಾತಾಡುತ್ತೇನೆ. ನಮ್ಮೂರ ಹೋಟೆಲಿನ ಬೆಂಚಿನ ಮೇಲೆ ಇವತ್ತಿನವರೆಗೆ ಕೂತಿಲ್ಲ. ಹೋದಾಗಲೆಲ್ಲ ಬಾಗಿಲಲ್ಲೇ ನಿಂತು 'ಪಾರ್ಸೆಲ್' ಅಂತೀನಿ. ಯಾರೂ ನನ್ನನ್ನು ತಡೆದಿಲ್ಲ, ಬಾಯಿಗೆ ತಾನಾಗೇ ಬರುತ್ತದೆ. ಪದವಿ ಸರ್ಟಿಫಿಕೇಟು ಮನೆಯ ಗೋಡೆ ಮೇಲೆ ಮೊಳೆಗೆ ನೇತಾಡುತ್ತಿದೆ.

ಹೋದ ವಾರ ಪದ್ಯವನ್ನು ಮತ್ತೆ ಬರೆಯಲು ಕೂತೆ. ಅಪ್ಪ ಪಕ್ಕದಲ್ಲೇ ಇದ್ದ. ಪಲ್ಯದಲ್ಲಿ ಬಟಾಣಿ ಇತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಬಟಾಣಿ ಇರಲಿಲ್ಲ, ಕಡ್ಲೆಬೇಳೆ ಇತ್ತು, ಒಂದು ಹಲ್ಲಿಗೆ ಸಿಕ್ಕಿಕೊಂಡು ಬಸ್ಸಲ್ಲಿ ಊರು ಬರೋವರೆಗೂ ನಾಲಿಗೇಲಿ ಆಡಿಸ್ತಿದ್ದೆ ಅಂದ. ಬರೆದುಕೊಂಡೆ. ಮೊದಲ ಸಾಲಿಗೆ ಇನ್ನೂ ಚಿಪ್ಪೇ ಬರುತ್ತಿದೆ.