ಸಾವಿರ ಕೆರೆಗಳ ನಡುವೆ ಮೌಂಟನ್ ಬೈಕ್

2020ರ ಸೆಪ್ಟೆಂಬರ್ 19. ಟೂರ್ ದ ಫ್ರಾನ್ಸ್ ಮುಗಿಯಲು ಇನ್ನೊಂದೇ ದಿನ ಬಾಕಿ. ಪೂರ್ವ ಫ್ರಾನ್ಸಿನ ಲ್ಯೂರ್ ಪಟ್ಟಣದಿಂದ ಪ್ಲಾಂಶ್ ದೆ ಬೆಲ್ ಫೀ ಬೆಟ್ಟದ ನೆತ್ತಿಯವರೆಗೆ 36.2 ಕಿ.ಮೀ. ಉದ್ದದ ಟೈಮ್ ಟ್ರಯಲ್. ಅಂದು ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ತಮ್ಮದೇ ದೇಶದ ಪ್ರಿಮೋಜ್ ರೊಗ್ಲಿಚ್ ಮೈಮೇಲಿದ್ದ, ಮುನ್ನಡೆಯಲ್ಲಿರುವವರು ತೊಡುವ ಹಳದಿ ಜೆರ್ಸಿಯನ್ನು ಕಸಿದುಕೊಂಡರು. ಟಿವಿ ಕ್ಯಾಮೆರಾಗಳು ಡಾಂಬರು ರಸ್ತೆ ಬಿಟ್ಟು ಕದಲಲಿಲ್ಲ. ದಾರಿಯಲ್ಲಿ ಮೆಲಿಸೇ ಎಂಬ ಪುಟ್ಟ ಊರು ಬಂತು, ಹೋಯಿತು. ಅಲ್ಲಿಂದ ಉತ್ತರಕ್ಕೆ ತಿರುಗಿ ಕಾಡಿನ ದಾರಿ ಹಿಡಿದಿದ್ದರೆ, ಮೌಂಟನ್ ಬೈಕಿನವರಿಗೆ ಫ್ರಾನ್ಸ್ ಕೊಡಬಹುದಾದ ಅತ್ಯುತ್ತಮ ಸವಾರಿ ಎದುರಾಗುತ್ತಿತ್ತು.

ಅದು ಸಾವಿರ ಕೆರೆಗಳ ಪ್ರಸ್ಥಭೂಮಿ. ಓತ್ ಸೋನ್ ಜಿಲ್ಲೆಯಲ್ಲಿ, ವೋಜ್ ಪರ್ವತಗಳ ದಕ್ಷಿಣದ ಮಗ್ಗುಲಲ್ಲಿದೆ. ಹೆಸರಿಗೆ ಸಾವಿರ, ಎಣಿಸಿದರೆ ಸುಮಾರು 850. ಹಿಮಯುಗದಲ್ಲಿ ಇಲ್ಲಿ ಕೂತಿದ್ದ ಹಿಮನದಿ ಸುಮಾರು 12,000 ವರ್ಷಗಳ ಹಿಂದೆ ಕರಗಿ ಹಿಂದೆ ಸರಿದಾಗ, ಅದು ಉಜ್ಜಿ ಕೊರೆದ ತಗ್ಗುಗಳು ಉಳಿದವು. ಅವುಗಳಲ್ಲಿ ನೀರು ನಿಂತು ಜೌಗಾಯಿತು. ಮಧ್ಯಯುಗದಲ್ಲಿ ಸುತ್ತಲಿನ ಮಠಗಳ ಕ್ರೈಸ್ತ ಸನ್ಯಾಸಿಗಳು ಆ ತಗ್ಗುಗಳ ಬಾಯಿಗೆ ಏರಿ ಹಾಕಿ ಮೀನು ಸಾಕಿದರು. ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿಲ್ಲ. ಹೀಗೆ ಅರ್ಧ ಹಿಮನದಿ, ಅರ್ಧ ಮನುಷ್ಯ ಸೇರಿ ಮಾಡಿದ ನೆಲ ಇದು. ಬೀಚ್ ಮತ್ತು ಸ್ಪ್ರೂಸ್ ಮರಗಳ ಕಾಡು, ನಡುನಡುವೆ ಹುಲ್ಲುಗಾವಲು, ಎಲ್ಲಿ ನೋಡಿದರೂ ನೀರು. ಊರಿನವರು ಇದನ್ನು ಪುಟ್ಟ ಫಿನ್ಲೆಂಡ್ ಎನ್ನುತ್ತಾರೆ.

ಆಲ್ಪ್ಸ್‌ನಲ್ಲಿ ಸವಾರ ಲಿಫ್ಟಿನಲ್ಲಿ ಕೂತು ಮೇಲೇರಿ, ಸೈಕಲ್ಲಿಗೆಂದೇ ಕಡಿದ ದಾರಿಯಲ್ಲಿ ಇಳಿಯುತ್ತಾನೆ. ಅದರ ಮಜಾ ಬೇರೆ. ಕೆರೆಗಳ ನಾಡಿನಲ್ಲಿ ಸೈಕಲ್ಲಿಗೆಂದು ಯಾರೂ ದಾರಿ ಕಡಿದಿಲ್ಲ. ಮೀನು ಹಿಡಿಯುವವನು ಏರಿಯ ಮೇಲೆ ನಡೆದ, ದನ ಹೊಡೆದುಕೊಂಡು ಹೋಗುವವನು ಕಾಡಂಚಿನಲ್ಲಿ ನಡೆದ, ಸೌದೆಯವನು ಎತ್ತಿನ ಗಾಡಿ ಹೂಡಿದ. ನೂರಾರು ವರ್ಷ ದುಡಿದ ಕಾಲುಗಳು ಹಾಕಿದ ಆ ದಾರಿಯ ಮೇಲೆ ಇಂದು ಗಾಲಿ ಉರುಳುತ್ತದೆ. ಹಾಗಾಗಿ ಇಲ್ಲಿ ಚೆನ್ನಾಗಿ ಸವಾರಿ ಮಾಡಬೇಕೆಂದರೆ ತೋಳಿನ ಕಸುವಿಗಿಂತ ಮೊದಲು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ತಿಳಿವಳಿಕೆ ಬೇಕು.

ಒಂದು ಏರಿಯನ್ನೇ ನೋಡಿ. ಅಗಲ ಹೆಚ್ಚೆಂದರೆ ಎರಡು ಮಾರು. ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಇಳಿಜಾರು, ಅದರ ಬುಡದಲ್ಲಿ ಇನ್ನೊಂದು ಕೆರೆ. ಕೆರೆಗಳು ಇಲ್ಲಿ ಮೆಟ್ಟಿಲಿನಂತೆ ಒಂದರ ಕೆಳಗೊಂದು ಕೂತಿವೆ. ಮೇಲಿನದರ ಕೋಡಿ ನೀರೇ ಕೆಳಗಿನದಕ್ಕೆ ಒಳಹರಿವು. ಏರಿಯ ನೆತ್ತಿ ಒಣಗಿ ಗಟ್ಟಿಯಾಗಿರುತ್ತದೆ, ಗಾಲಿ ಸದ್ದಿಲ್ಲದೆ ಓಡುತ್ತದೆ. ಆದರೆ ಹಳೆಯ ಓಕ್, ಆಲ್ಡರ್ ಮರಗಳ ಬೇರು ಅಡ್ಡಡ್ಡ ಚಾಚಿಕೊಂಡಿರುತ್ತದೆ. ಒದ್ದೆ ಬೇರನ್ನು ನೇರವಾಗಿ, ಬ್ರೇಕು ಮುಟ್ಟದೆ ದಾಟಬೇಕು. ಓರೆಯಾಗಿ ಹತ್ತಿದರೆ ಮುಂದಿನ ಗಾಲಿ ಜಾರಿ ಸವಾರ ಕೆರೆಗೇ.

ಏರಿಯ ಒಳಮೈಗೆ ಅಂಟಿಕೊಂಡು, ನೀರಿನಿಂದ ಸ್ವಲ್ಪ ಮೇಲೆದ್ದು ಕಲ್ಲಿನದೋ ಕಾಂಕ್ರೀಟಿನದೋ ಒಂದು ಪೆಟ್ಟಿಗೆ ನಿಂತಿರುತ್ತದೆ. ಅದೇ ತೂಬು. ಕೆರೆಯ ಕಡೆಗೆ ಅದರ ಬಾಯಿ ತೆರೆದಿದೆ. ಒಳಗೋಡೆಯಲ್ಲಿ ಮೇಲಿಂದ ತಳದವರೆಗೆ ಮೂರು ಜೊತೆ ಸೀಳು. ಮೊದಲಿನದರಲ್ಲಿ ಮೀನು ತಪ್ಪಿಸಿಕೊಳ್ಳದ ಹಾಗೆ ಜಾಲರಿ. ಉಳಿದೆರಡರಲ್ಲಿ ಒಂದರ ಮೇಲೊಂದು ಜಾರಿಸಿ ಕೂರಿಸಿದ ಹಲಗೆಗಳು, ಆ ಎರಡು ಸಾಲಿನ ನಡುವೆ ಗಿಡಿದು ತುಂಬಿದ ಜೇಡಿಮಣ್ಣು. ಒಂದು ಹಲಗೆ ತೆಗೆದರೆ ಒಂದು ಹಲಗೆಯಷ್ಟು ನೀರು ಇಳಿಯುತ್ತದೆ. ಎಲ್ಲ ತೆಗೆದರೆ ಕೆರೆ ಬರಿದಾಗಿ, ತಳದ ಗುಂಡಿಯಲ್ಲಿ ಕಾರ್ಪ್, ಟೆಂಚ್, ಪೈಕ್ ಮೀನುಗಳು ಒಟ್ಟಾಗುತ್ತವೆ. ಆ ನೀರು ಹೊರಹೋಗುವ ಕೊಳವೆ ಸವಾರನ ಗಾಲಿಯ ಕೆಳಗೇ, ಏರಿಯನ್ನು ಸೀಳಿಕೊಂಡು ಹೋಗುತ್ತದೆ. ಹಳೆಯ ಕೆರೆಗಳಲ್ಲಿ ಕೊಳವೆಯ ಮೇಲಿನ ಮಣ್ಣು ಕುಸಿದು ತಗ್ಗು ಬಿದ್ದಿರುವುದುಂಟು. ತೂಬು ಕಂಡ ಕೂಡಲೇ ವೇಗ ತಗ್ಗಿಸಬೇಕು ಎಂಬುದು ಇದಕ್ಕೇ. ಕೋಡಿಯ ಬಳಿಯಂತೂ ಸೈಕಲ್ಲಿಳಿದು ನಡೆಯುವುದೇ ಸರಿ. ಪಾಚಿ ಕಟ್ಟಿದ ಕಲ್ಲುಚಪ್ಪಡಿಯ ಮೇಲೆ ಯಾವ ಟೈರಿಗೂ ಹಿಡಿತವಿಲ್ಲ.

ಇಂಥ ನೆಲಕ್ಕೆ ಭಾರೀ ಸೈಕಲ್ ಬೇಡ. ಹಿಂದೆ ಸಸ್ಪೆನ್ಷನ್ ಇಲ್ಲದ, ಮುಂದೆ 100ರಿಂದ 120 ಮಿ.ಮೀ. ಅದುಮುವ ಫೋರ್ಕ್ ಇರುವ ಹಗುರ ಬೈಕು ಸಾಕು. ಟ್ಯೂಬ್‌ಲೆಸ್ ಟೈರಿಗೆ 20ರಿಂದ 25 ಪಿಎಸ್‌ಐ ಗಾಳಿ ಹಾಕಿದರೆ ಬೇರಿನ ಮೇಲೆ ಅದು ಮೆತ್ತಗೆ ಕೂರುತ್ತದೆ. ಗ್ರಾನೈಟ್ ಸವೆದು ಉದುರಿದ ಒರಟು ಮರಳು ಇಲ್ಲಿನ ಮಣ್ಣಿನಲ್ಲಿದೆ. ಅದು ಚೈನನ್ನೂ ಬ್ರೇಕ್ ಪ್ಯಾಡನ್ನೂ ಬೇಗ ತಿಂದುಹಾಕುತ್ತದೆ. ಮಳೆ ನಿಂತ ಮಾರನೆಯ ದಿನ ಹೊರಡುವವರ ಚೀಲದಲ್ಲಿ ಒಂದು ಜೊತೆ ಪ್ಯಾಡ್ ಇರಲೇಬೇಕು.

ಮಣ್ಣಿನ ದಾರಿಯ ಸೈಕಲ್ಲಿನ ಕಥೆಯನ್ನು ಎಲ್ಲರೂ 1970ರ ದಶಕದ ಕ್ಯಾಲಿಫೋರ್ನಿಯಾದಿಂದ ಶುರು ಮಾಡುತ್ತಾರೆ. ಪ್ಯಾರಿಸ್ಸಿನ ಹೊರವಲಯದಲ್ಲಿ ಅದಕ್ಕೂ ಮೊದಲಿನ ಅಧ್ಯಾಯವೊಂದಿದೆ. 1951ರಿಂದ 1956ರವರೆಗೆ ವೆಲೊ ಕ್ರಾಸ್ ಕ್ಲಬ್ ಪರೀಸಿಯಾಂ ಎಂಬ ಕೂಟದ ಇಪ್ಪತ್ತರಷ್ಟು ತರುಣರು ತಮ್ಮ ಫ್ರೆಂಚ್ 650ಬಿ ಸೈಕಲ್ಲುಗಳನ್ನು ಬದಲಾಯಿಸಿಕೊಂಡು, ಮೋಟೊಕ್ರಾಸಿನವರ ಹಾಗೆ ಕೆಸರುಗುಂಡಿಗಳಲ್ಲಿ ಓಡಿಸಿದರು. ಇಂದು ಅಂಗಡಿಗಳಲ್ಲಿ 27.5 ಇಂಚು ಎಂದು ಮಾರುವ ಮೌಂಟನ್ ಬೈಕ್ ಗಾಲಿ ಅದೇ 650ಬಿ ಅಳತೆಯದು. ಕೂಟ ಮುಂದುವರಿಯಲಿಲ್ಲ, ಹೆಸರೂ ಹರಡಲಿಲ್ಲ. ಆದರೆ ಈ ಆಟ ಫ್ರಾನ್ಸಿಗೆ ಆಮದಾಗಿ ಬಂತು ಎನ್ನುವವರು ಆ ತರುಣರನ್ನು ಮರೆಯಬಾರದು.

ಪ್ಯಾರಿಸ್ಸಿನಿಂದ ಒಂದೇ ದಿನದಲ್ಲಿ ಹೋಗಿ ಬರಬೇಕೆನ್ನುವವರಿಗೆ ಪಶ್ಚಿಮದ ರಾಂಬುಯೇ ಕಾಡು ಇದೆ. ಅಲ್ಲಿನ ಓಲಾಂದ್ ಕೆರೆಗಳ ಹಿನ್ನೆಲೆ ಪೂರ್ತಿ ಬೇರೆ. ಹದಿನಾಲ್ಕನೇ ಲೂಯಿಗೆ ವರ್ಸೈ ಅರಮನೆಯ ಕಾರಂಜಿಗಳಿಗೆ ನೀರು ಸಾಲುತ್ತಿರಲಿಲ್ಲ. ಕೋಟೆಗಳ ಎಂಜಿನಿಯರ್ ವೊಬಾಂ ಇಲ್ಲಿ ಸಾಲು ಕೆರೆಗಳನ್ನು ಯೋಜಿಸಿದ. ಪಂಪಿಲ್ಲದೆ, ನೆಲದ ಇಳಿಜಾರನ್ನೇ ನಂಬಿ ಕಾಲುವೆಗಳಲ್ಲಿ ನೀರು ವರ್ಸೈ ಕಡೆಗೆ ಹರಿಯಿತು. ಆ ಕೆರೆ ಕಾಲುವೆಗಳ ಪಕ್ಕದ ಕಾಡುದಾರಿಗಳಲ್ಲಿ ಇಂದು ಸೈಕಲ್ಲುಗಳು ಓಡುತ್ತವೆ. 2024ರ ಒಲಿಂಪಿಕ್ಸ್‌ನಲ್ಲಿ ಪೊಲೀನ್ ಫೆರಾಂ ಪ್ರೆವೊ ಚಿನ್ನ ಗೆದ್ದ ಎಲಾಂಕೂರ್ ಗುಡ್ಡವೂ ಇದೇ ಸೀಮೆಯದು. ಎತ್ತರ 231 ಮೀಟರ್, ಕಟ್ಟಡಗಳ ಅವಶೇಷ ಮತ್ತು ಮಣ್ಣು ಸುರಿದು ಎಬ್ಬಿಸಿದ್ದು.

ಮಧ್ಯ ಫ್ರಾನ್ಸಿನ ಬ್ರೆನ್ ಮತ್ತು ಸೊಲೋನ್ಯ, ಲಿಯೋಂ ಬಳಿಯ ದೋಂಬ್ ಸೀಮೆಗಳಲ್ಲೂ ಕೆರೆಗಳಿಗೆ ಬರವಿಲ್ಲ. ದೋಂಬ್‌ನ ರೈತರ ಪದ್ಧತಿ ಕೇಳುವಂಥದ್ದು. ಮೂರು ನಾಲ್ಕು ವರ್ಷ ಕೆರೆ ತುಂಬಿಸಿ ಮೀನು ಬೆಳೆಯುತ್ತಾರೆ, ಆಮೇಲೆ ಒಂದು ವರ್ಷ ನೀರು ಬಿಟ್ಟು ಅದೇ ತಳದಲ್ಲಿ ಓಟ್ಸ್ ಅಥವಾ ಮೆಕ್ಕೆಜೋಳ ಬಿತ್ತುತ್ತಾರೆ. ಆದರೆ ಸವಾರನ ಕಣ್ಣಿಗೆ ದೋಂಬ್ ಚಪ್ಪಟೆ, ಕೆರೆಗಳ ಹತ್ತಿರಕ್ಕೆ ಹೋಗಲು ಸಿಗುವ ದಾರಿಯೂ ಕಡಿಮೆ. ಬ್ರೆನ್ ಅದಕ್ಕಿಂತ ಉದಾರ. ಅಲ್ಲಿ ಕೊಳದ ಆಮೆಗಳು ಮೇ ಜೂನ್ ತಿಂಗಳಲ್ಲಿ ಮೊಟ್ಟೆಯಿಡಲು ನೀರು ಬಿಟ್ಟು ಒಣ ಹುಲ್ಲುಗಾವಲಿಗೆ ನಡೆಯುತ್ತವೆ. ಆ ದಿನಗಳಲ್ಲಿ ದಾರಿಯ ಮೇಲೆ ನಿಗಾ ಇಟ್ಟು ನಿಧಾನವಾಗಿ ಹೋಗಬೇಕು.

ಸೊಲೋನ್ಯದ ವಿಷಯ ಬೇಸರದ್ದು. ಬೇಟೆಯ ಎಸ್ಟೇಟುಗಳ ಮಾಲೀಕರು ಕಾಡಿಗೆ ಕಾಡನ್ನೇ ತಂತಿಬೇಲಿಯಿಂದ ಸುತ್ತುವರಿದರು. ಹಂದಿ, ಜಿಂಕೆ ಒಳಗೇ ಬಂದಿ. ಹೋರಾಟ ನಡೆದು 2023ರ ಫೆಬ್ರುವರಿ 2ರಂದು ಕಾಯ್ದೆ ಬಂತು: ಬೇಲಿ 1.20 ಮೀಟರಿಗಿಂತ ಎತ್ತರ ಇರಕೂಡದು, ನೆಲದಿಂದ 30 ಸೆಂ.ಮೀ. ಬಿಟ್ಟಿರಬೇಕು. ಪ್ರಾಣಿಗಳಿಗೆ ಇದು ದೊಡ್ಡ ಗೆಲುವು. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಸೇರಿತು. ಖಾಸಗಿ ಎಂದು ಸ್ಪಷ್ಟವಾಗಿ ಗುರುತು ಹಾಕಿದ ಕಾಡಿಗೋ ಹೊಲಕ್ಕೋ ಕಾಲಿಟ್ಟವನಿಗೆ ದಂಡ. ಫ್ರಾನ್ಸಿನ ಕಾಡಿನಲ್ಲಿ ಮುಕ್ಕಾಲು ಪಾಲು ಖಾಸಗಿಯವರದು ಎಂಬುದನ್ನು ನೆನೆದರೆ ಇದರ ಭಾರ ಅರ್ಥವಾದೀತು. ಬೇಲಿ ತಗ್ಗಿಸಿದ ಕೈಯೇ ಗೇಟು ಹಾಕಿದ್ದು ನಡೆಯುವವರಿಗೂ ಸೈಕಲ್ಲಿನವರಿಗೂ ಆದ ಅನ್ಯಾಯ.

ಆದ್ದರಿಂದ ಗುರುತು ಹಾಕಿದ ದಾರಿ ಬಿಡದಿರುವುದು ಇಂದಿನ ಮಟ್ಟಿಗೆ ಜಾಣತನ. ಫ್ರೆಂಚ್ ಸೈಕ್ಲಿಂಗ್ ಫೆಡರೇಷನ್ ಮಾನ್ಯತೆಯ ದಾರಿಗಳಲ್ಲಿ ಒಂದು ತ್ರಿಕೋನ, ಎರಡು ವೃತ್ತಗಳ ಚಿಹ್ನೆ ಮರಗಳ ಮೇಲೆ, ಕಂಬಗಳ ಮೇಲೆ ಸಿಗುತ್ತದೆ. ತ್ರಿಕೋನದ ಮೊನೆ ತೋರಿದ ಕಡೆ ಸಾಗಬೇಕು. ಹಸಿರು ಬಣ್ಣದ್ದು ತೀರ ಸುಲಭ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಅತಿ ಕಷ್ಟ. ಜೊತೆಗೆ ಐಜಿಎನ್ ಸಂಸ್ಥೆಯ 1:25,000 ನಕ್ಷೆ ಇದ್ದರೆ ಯಾವ ದಾರಿ ಏರಿಯ ಮೇಲೆ ಹೋಗುತ್ತದೆ, ಯಾವುದು ಜೌಗಿನಲ್ಲಿ ಮುಗಿಯುತ್ತದೆ ಎಂದು ಹಿಂದಿನ ರಾತ್ರಿಯೇ ಓದಿಕೊಳ್ಳಬಹುದು.

ಸೆಪ್ಟೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ ಬೇಟೆಯ ಕಾಲ. 2018ರ ಅಕ್ಟೋಬರಿನಲ್ಲಿ ಆಲ್ಪ್ಸ್‌ನ ಲೆ ಜೆ ಬಳಿ ಮೌಂಟನ್ ಬೈಕ್ ಸವಾರರೊಬ್ಬರು ಬೇಟೆಗಾರನ ಗುಂಡಿಗೆ ಬಲಿಯಾದರು. ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ವಾದಕ್ಕೆ ನಿಲ್ಲದೆ ಬೇರೆ ದಾರಿ ಹಿಡಿಯಬೇಕು, ಆ ತಿಂಗಳುಗಳಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ಇಲ್ಲದೆ ಕಾಡಿಗೆ ಹೋಗಲೇಬಾರದು. ಬೇಸಿಗೆಯಲ್ಲಿ ಉಣ್ಣೆಗಳ ಕಾಟ. ಪೂರ್ವ ಫ್ರಾನ್ಸಿನಲ್ಲಿ ಅವುಗಳಿಂದ ಲೈಮ್ ಕಾಯಿಲೆ ಹರಡುತ್ತದೆ. ಸವಾರಿ ಮುಗಿದ ಮೇಲೆ ಮಂಡಿಯ ಹಿಂಭಾಗ, ಸೊಂಟ, ಕಂಕುಳನ್ನು ತಪ್ಪದೆ ನೋಡಿಕೊಳ್ಳಬೇಕು.

ಸಾವಿರ ಕೆರೆಗಳ ನಾಡಿಗೆ ಲ್ಯೂರ್‌ವರೆಗೆ ರೈಲಿದೆ. ಅಲ್ಲಿಂದ ಒನ್ಯೋಂ ನದಿಯ ಕಣಿವೆ ಹಿಡಿದು ಮೆಲಿಸೇ ಸೇರಿದರೆ ಅದು ತಿಬೋ ಪಿನೋ ಅವರ ಊರು. 2014ರ ಟೂರ್ ದ ಫ್ರಾನ್ಸ್‌ನಲ್ಲಿ ಮೂರನೆಯವರಾದ, 2019ರಲ್ಲಿ ತುರ್ಮಲೇ ಬೆಟ್ಟದ ಮೇಲೆ ಗೆದ್ದ, 2023ರಲ್ಲಿ ನಿವೃತ್ತರಾದ ಪಿನೋ ಬೆಳೆದದ್ದು ಈ ಏರಿಳಿತಗಳಲ್ಲೇ. ಇಲ್ಲಿಂದ ಎಕ್ರೊಮಾನ್ಯೀ ಊರಿನ ಪೆಲ್‌ವಾಂ ಕೆರೆಯ ಕಡೆಗೆ ಹತ್ತಿ, ಉತ್ತರದ ಫೊಕೊನ್ಯೇ ಕಡೆ ಇಳಿಯುವುದು ಮೊದಲ ಸಲ ಬಂದವರಿಗೆ ಒಳ್ಳೆಯ ಆಯ್ಕೆ. ಯಾವ ಏರೂ ದೀರ್ಘವಲ್ಲ, ಆದರೆ ಒಂದಾದ ಮೇಲೊಂದು ಬಂದು ಸಂಜೆಯ ಹೊತ್ತಿಗೆ ತೊಡೆ ಕಲ್ಲಾಗುತ್ತದೆ. ಇನ್ನೊಂದು ದಿನ ಬಿಡುವಿದ್ದರೆ ದಕ್ಷಿಣದ ರೋಂಶಾಂಗೆ ಹೋಗಬೇಕು. ಅಲ್ಲಿನ ಗುಡ್ಡದ ಮೇಲೆ 1955ರಲ್ಲಿ ಪೂರ್ಣಗೊಂಡ ಚರ್ಚು ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ ಅವರದು. 2016ರಲ್ಲಿ ಯುನೆಸ್ಕೊ ಇದನ್ನೂ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ದಾರಿಗಳು ಹೀಗೆಯೇ ಇರುತ್ತವೆ ಎನ್ನುವಂತಿಲ್ಲ. 2018ರ ಬರದ ನಂತರ ತೊಗಟೆಹುಳು ಬಡಿದು ಪೂರ್ವ ಫ್ರಾನ್ಸಿನ ಸ್ಪ್ರೂಸ್ ಕಾಡುಗಳು ಒಣಗಿವೆ. ಕಡಿದ ಮರ ಸಾಗಿಸುವ ಭಾರೀ ಯಂತ್ರಗಳು ಮೊಣಕಾಲುದ್ದ ಜಾಡು ಕೊರೆದು ಹೋಗುತ್ತವೆ. ಕೆರೆಗಳ ಮೇಲೂ ಒಂದು ಜಗಳವಿದೆ. ಹೊಳೆಯ ತಲೆಯಲ್ಲೇ ಕೂತ ಕೆರೆ ನೀರನ್ನು ಬಿಸಿಯಾಗಿಸುತ್ತದೆ, ತಣ್ಣೀರು ಬೇಡುವ ಟ್ರೌಟ್ ಮೀನಿಗೆ ಅದು ಕೇಡು. ಹೊಳೆ ಅಡ್ಡಿಯಿಲ್ಲದೆ ಹರಿಯಬೇಕು ಎಂದು 2006ರ ಜಲಕಾಯ್ದೆಯ ಬಲದಿಂದ ಕೇಳುವವರು ಒಂದು ಕಡೆ. ಅಜ್ಜನ ಕೆರೆ, ಅದರ ಸುತ್ತ ಬೆಳೆದ ಕಪ್ಪೆ, ಕೊಡತಿಹುಳ, ಕೀಟ ತಿನ್ನುವ ಡ್ರೊಸೆರಾ ಗಿಡಗಳನ್ನು ಉಳಿಸಿ ಎನ್ನುವ ಮಾಲೀಕರು ಇನ್ನೊಂದು ಕಡೆ. ಹೊಳೆಯ ಪರ ವಾದಿಸುವವರಲ್ಲಿ ಹುರುಳಿದೆ. ಆದರೆ ತಳದ ತಣ್ಣೀರನ್ನು ಹೊರಬಿಡುವ ತೂಬು ಕೂರಿಸಿ, ಮೀನು ದಾಟಲು ಪಕ್ಕದಲ್ಲಿ ಹರಿವು ತೆಗೆದರೆ ಏರಿ ಒಡೆಯದೆಯೂ ಸಾಕಷ್ಟು ಸಾಧಿಸಬಹುದು. ಅದಕ್ಕೆ ಖರ್ಚಿದೆ. ಪಟ್ಟಣ ಸೇರಿದ ವಾರಸುದಾರರೊಬ್ಬರ ಮೇಲೇ ಅದನ್ನು ಹೊರಿಸಿದರೆ ಅವರು ಹಲಗೆ ಕಿತ್ತು ಕೈತೊಳೆದುಕೊಳ್ಳುತ್ತಾರೆ, ಏರಿಯ ಮೇಲೆ ಮುಳ್ಳುಪೊದೆ ಬೆಳೆಯುತ್ತದೆ, ದಾರಿ ಮುಚ್ಚುತ್ತದೆ. ಸೈಕಲ್ ಸಂಘಗಳು ಮೀನಿನವರ, ಹೊಳೆಯವರ ಜೊತೆ ಅದೇ ಸಭೆಯಲ್ಲಿ ಕೂತು ತಮ್ಮ ಪಾಲಿನ ಹಣವನ್ನೂ ದುಡಿಮೆಯನ್ನೂ ಮುಂದಿಡಬೇಕು.